ಕಂಡೆನ್ಸರ್ ಅಳೆಯುವ ಮೀಟರು: ಬೆಳಗಾವಿ ಸೀಮೆಯ ರಿಪೇರಿ ಕಸುಬಿನ ಚರಿತ್ರೆಯಿಂದ ಒಂದು ವಾದ

ಹಳೆಯ ಕಂಪ್ಯೂಟರು ಕೆಟ್ಟಾಗ ದೋಷ ಸಾಮಾನ್ಯವಾಗಿ ಪ್ರೊಸೆಸರಿನಲ್ಲಿ ಇರುವುದಿಲ್ಲ, ಮೆಮೊರಿಯಲ್ಲೂ ಇರುವುದಿಲ್ಲ. ಬಹಳಷ್ಟು ಸಲ ಅದು ಸಿಗುವುದು ಐದೋ ಹತ್ತೋ ರೂಪಾಯಿ ಬೆಲೆಯ, ಬೆರಳ ತುದಿಯಷ್ಟಿರುವ ಕೆಪಾಸಿಟರಿನಲ್ಲಿ. ರೇಡಿಯೊ ಕಾಲದ ಮೆಕ್ಯಾನಿಕ್‌ಗಳು ಇದನ್ನು ಕಂಡೆನ್ಸರ್ ಎಂದೇ ಕರೆದರು. ಫ್ಯಾನು, ಮೋಟಾರು ರಿಪೇರಿ ಮಾಡುವವರ ಬಾಯಲ್ಲಿ ಈಗಲೂ ಅದೇ ಹೆಸರು. ಈ ಭಾಗ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂದು ನೋಡಲು ಯಾವ ಮೀಟರು ಕೊಳ್ಳಬೇಕು, ಎಷ್ಟು ದುಡ್ಡು ಹಾಕಬೇಕು ಎಂಬುದು ಹೊಸದಾಗಿ ಅಂಗಡಿ ಇಡುವ ಹುಡುಗನಿಗೂ ಹಳೆಯ ಯಂತ್ರ ಉಳಿಸಿಕೊಳ್ಳಬೇಕೆನ್ನುವ ಹವ್ಯಾಸಿಗೂ ಎದುರಾಗುವ ಮೊದಲ ಪ್ರಶ್ನೆ. ಇದಕ್ಕೆ ಉತ್ತರವನ್ನು ಬೆಲೆಪಟ್ಟಿಯಲ್ಲಿ ಹುಡುಕುವುದಕ್ಕಿಂತ ಕಸುಬಿನ ಚರಿತ್ರೆಯಲ್ಲಿ ಹುಡುಕುವುದು ಲೇಸು. ಒಂದೊಂದು ಕಾಲದಲ್ಲಿ ಕಂಡೆನ್ಸರ್ ಒಂದೊಂದು ರೀತಿಯಲ್ಲಿ ಕೆಟ್ಟಿದೆ. ಅದಕ್ಕೆ ತಕ್ಕಂತೆ ಮೆಕ್ಯಾನಿಕ್ ಅದನ್ನು ಕೇಳಬೇಕಾದ ಪ್ರಶ್ನೆಯೂ ಬದಲಾಗಿದೆ. ಆ ಕಾಲದ ಪ್ರಶ್ನೆಯನ್ನು ಕೇಳಬಲ್ಲ ಸಾಧನವೇ ಸರಿಯಾದ ಸಾಧನ. ಅದು ಅಗ್ಗದ್ದಾಗಿದ್ದರೂ ಸರಿಯೇ; ಬೇರೆ ಪ್ರಶ್ನೆ ಕೇಳುವ ಸಾಧನ ಎಷ್ಟೇ ದುಬಾರಿಯಾಗಿದ್ದರೂ ವ್ಯರ್ಥವೇ.

ಈ ವಾದವನ್ನು ಬೆಳಗಾವಿ ಮತ್ತು ಖಾನಾಪುರವನ್ನು ಮುಂದಿಟ್ಟುಕೊಂಡು ನೋಡಲು ಕಾರಣವಿದೆ. ಬೆಳಗಾವಿ ರಿಪೇರಿಯಿಂದ ತಯಾರಿಕೆಗೆ ಬೆಳೆದ ಊರು. 1888ರಲ್ಲಿ ಕಿರ್ಲೋಸ್ಕರ್ ಸಹೋದರರು ಇಲ್ಲಿ ತೆರೆದದ್ದು ಸೈಕಲ್ ಅಂಗಡಿ. ಅಲ್ಲಿಂದಲೇ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಬಂದವು. 1910ರಲ್ಲಿ ಅವರು ಊರು ಬಿಟ್ಟರೂ ಕಿರ್ಲೋಸ್ಕರ್ ರಸ್ತೆ ಉಳಿಯಿತು, ಮುಂದೆ ಉದ್ಯಮಬಾಗ್‌ನಲ್ಲಿ ಫೌಂಡ್ರಿಗಳೂ ಯಂತ್ರಭಾಗಗಳ ಕಾರ್ಖಾನೆಗಳೂ ಬೆಳೆದವು. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ವಿಷಯದಲ್ಲಿ ಮಾತ್ರ ಊರಿನ ಸ್ಥಿತಿ ಬೇರೆ. ಬೆಂಗಳೂರಿನ ಎಸ್‌.ಪಿ. ರಸ್ತೆ ಒಂದು ಕಡೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ ಇನ್ನೊಂದು ಕಡೆ. ಬೆಳಗಾವಿಯಿಂದ ಎರಡೂ ಸುಮಾರು 500 ಕಿ.ಮೀ. ದೂರ. ಆ ಪೇಟೆಗಳ ಪಕ್ಕದಲ್ಲೇ ಇರುವವನು ಅನುಮಾನ ಬಂದ ಭಾಗವನ್ನು ತೆಗೆದು ಹೊಸದನ್ನು ಹಾಕಿ ನೋಡಬಹುದು. ನಡುವಿನ ಊರಿನವನು, ಅದರಲ್ಲೂ ಬೆಳಗಾವಿಯಿಂದ ಇನ್ನೂ 26 ಕಿ.ಮೀ. ಒಳಗಿರುವ ಖಾನಾಪುರದವನು, ಮೊದಲು ಅಳೆದು, ಇದೇ ಕೆಟ್ಟಿದೆ ಎಂದು ಖಾತ್ರಿ ಮಾಡಿಕೊಂಡು ಭಾಗ ತರಿಸಬೇಕು. ದೂರದ ಊರಿಗೆ ಅಳತೆ ಎಂಬುದು ಖರ್ಚು ಉಳಿಸುವ ದಾರಿ. ಇದರ ಜೊತೆಗೆ ಮಳೆ. ಖಾನಾಪುರ ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ, ಬೆಳಗಾವಿ ನಗರದ ಎರಡು ಪಟ್ಟಿಗೂ ಹೆಚ್ಚು ಮಳೆ ಬೀಳುತ್ತದೆ. ತೇವ ಕಂಡೆನ್ಸರಿನ ಹಳೆಯ ಶತ್ರು.

ಮೊದಲ ಕಾಲ ವಾಲ್ವ್ ರೇಡಿಯೊದ್ದು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಶುರುವಾದಾಗ ಬೆಳಗಾವಿ ಜಿಲ್ಲೆ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿತ್ತು. ಹತ್ತಿರದಲ್ಲೇ ಕನ್ನಡದ ನಿಲಯ ಬಂದದ್ದರಿಂದ ರೇಡಿಯೊ ಇಟ್ಟುಕೊಳ್ಳಲು ಈ ಭಾಗದ ಮನೆಗಳಿಗೆ ಹೊಸ ಕಾರಣ ಸಿಕ್ಕಿತು. ಆ ಸೆಟ್ಟುಗಳ ಒಳಗೆ ಮೇಣ ಸವರಿದ ಕಾಗದದ ಕಂಡೆನ್ಸರುಗಳಿದ್ದವು: ಎರಡು ಲೋಹದ ಹಾಳೆ, ನಡುವೆ ಕಾಗದ, ಎಲ್ಲವನ್ನೂ ಸುರುಳಿ ಸುತ್ತಿ ತುದಿಗೆ ಮೇಣದ ಮುಚ್ಚಳ. ವರ್ಷಗಳು ಕಳೆದಂತೆ ಮೇಣ ಬಿರುಕು ಬಿಟ್ಟು ಕಾಗದ ತೇವ ಹೀರುತ್ತಿತ್ತು. ಹೀಗೆ ಕೆಟ್ಟ ಕಂಡೆನ್ಸರಿನ ಧಾರಣಶಕ್ತಿ (ಕೆಪಾಸಿಟನ್ಸ್) ಕಡಿಮೆಯಾಗುತ್ತಿರಲಿಲ್ಲ, ತಡೆಯಬೇಕಾದ ಡಿ.ಸಿ. ಕರೆಂಟನ್ನು ಅದು ಒಳಗಿಂದೊಳಗೆ ಸೋರಲು ಬಿಡುತ್ತಿತ್ತು. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಧ್ವನಿಯನ್ನು ಮುಟ್ಟಿಸುವ 0.01 ಮೈಕ್ರೊಫ್ಯಾರಡ್ ಕಂಡೆನ್ಸರನ್ನೇ ನೋಡಿ. ಅದರ ಒಂದು ಬದಿಯಲ್ಲಿ ನೂರಕ್ಕೂ ಹೆಚ್ಚು ವೋಲ್ಟ್ ಇರುತ್ತದೆ, ಇನ್ನೊಂದು ಬದಿಯಲ್ಲಿ ಅದರ ಸುಳಿವೂ ಇರಬಾರದು. ಸ್ವಲ್ಪ ಸೋರಿದರೂ ಗ್ರಿಡ್ ಪಾಸಿಟಿವ್ ಆಗುತ್ತದೆ, ಧ್ವನಿ ಒಡೆಯುತ್ತದೆ, ವಾಲ್ವು ಮಿತಿಮೀರಿ ಕಾಯುತ್ತದೆ. ಆದ್ದರಿಂದ ಆ ಕಾಲದ ಪ್ರಶ್ನೆ ‘ಸೋರುತ್ತಿದೆಯೇ’ ಎಂಬುದೊಂದೇ. ಗ್ರಿಡ್ಡಿನ ಮೇಲೆ ಮೀಟರಿನ ಕಡ್ಡಿ ಇಟ್ಟು ವೋಲ್ಟ್ ನೋಡಿದರೆ ಉತ್ತರ ಸಿಗುತ್ತಿತ್ತು. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ರೂಪಿಸಿ, 1923ರಲ್ಲಿ ಮಾರುಕಟ್ಟೆಗೆ ಬಂದ ಆವೊಮೀಟರಿನ ವಂಶದ ಯಾವ ಮುಳ್ಳಿನ ಮೀಟರಾದರೂ ಇದಕ್ಕೆ ಸಾಕಿತ್ತು. ಕಂಡೆನ್ಸರ್ ಅಳೆಯಲೆಂದೇ ಮಾಡಿದ ಬ್ರಿಡ್ಜ್ ಉಪಕರಣಗಳು ಪ್ರಯೋಗಾಲಯಗಳಲ್ಲಿದ್ದವು ನಿಜ. ಆದರೆ ಆ ಬ್ರಿಡ್ಜ್ ಕಡಿಮೆ ವೋಲ್ಟಿನಲ್ಲಿ ಧಾರಣಶಕ್ತಿ ಅಳೆದು ‘ಸರಿಯಿದೆ’ ಎಂದ ಕಂಡೆನ್ಸರ್ ಇನ್ನೂರು ವೋಲ್ಟಿನಲ್ಲಿ ಸೋರುವ ಸಾಧ್ಯತೆ ಇದ್ದೇ ಇತ್ತು. ದುಬಾರಿ ಸಾಧನ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿತ್ತು.

ಎರಡನೆಯ ಕಾಲದಲ್ಲಿ ಟ್ರಾನ್ಸಿಸ್ಟರ್ ಬಂತು, ವೋಲ್ಟ್ ಇಳಿಯಿತು, ಎಲೆಕ್ಟ್ರೋಲೈಟಿಕ್ ಕಂಡೆನ್ಸರುಗಳು ಎಲ್ಲೆಡೆ ತುಂಬಿದವು. ಅಲ್ಯೂಮಿನಿಯಂ ಹಾಳೆಯ ಮೇಲಿನ ತೆಳುವಾದ ಆಕ್ಸೈಡ್ ಪೊರೆ ಇಲ್ಲಿ ನಿರೋಧಕ. ಕಾಗದದಲ್ಲಿ ನೆನೆದ ದ್ರವ ಇನ್ನೊಂದು ಬದಿಯ ಸಂಪರ್ಕ. ಆ ದ್ರವ ಆರಿದಂತೆ ಧಾರಣಶಕ್ತಿ ಕುಗ್ಗುತ್ತದೆ. ರೇಡಿಯೊದಲ್ಲಿ ಗುಂಯ್ ಎನ್ನುವ ಹಮ್ ಶುರುವಾದರೆ, ಧ್ವನಿ ಸಣ್ಣಗಾದರೆ ‘ಕಂಡೆನ್ಸರ್ ವೀಕ್ ಆಗಿದೆ’ ಎಂದು ಮೆಕ್ಯಾನಿಕ್ ಹೇಳುತ್ತಿದ್ದುದು ಇದಕ್ಕೇ. ಈಗಿನ ಪ್ರಶ್ನೆ ‘ಎಷ್ಟು ಹಿಡಿಯುತ್ತದೆ’ ಎಂಬುದು. ನಾಶಿಕದ ಮೋಟ್ವಾನೆ ಮೀಟರಾಗಲಿ ಜಪಾನಿನ ಸಾನ್ವಾ ಆಗಲಿ, ಓಮ್ಸ್ ರೇಂಜಿಗೆ ತಿರುಗಿಸಿ ಕಡ್ಡಿಗಳನ್ನು ಮುಟ್ಟಿಸಿದರೆ ಒಳಗಿನ ಬ್ಯಾಟರಿ ಕಂಡೆನ್ಸರನ್ನು ಚಾರ್ಜ್ ಮಾಡುತ್ತದೆ. ಮುಳ್ಳು ಒಮ್ಮೆ ಬಲಕ್ಕೆ ಜಿಗಿದು ನಿಧಾನವಾಗಿ ಎಡಕ್ಕೆ ಮರಳುತ್ತದೆ. ಜಿಗಿತದ ಎತ್ತರದಿಂದ ಧಾರಣಶಕ್ತಿ ಗೊತ್ತಾಗುತ್ತದೆ, ಮರಳಿ ಎಲ್ಲಿ ನಿಂತಿತು ಎಂಬುದರಿಂದ ಲೀಕೇಜ್ ಗೊತ್ತಾಗುತ್ತದೆ. ಈ ರೇಂಜಿನಲ್ಲಿ ಕಪ್ಪು ಕಡ್ಡಿಯೇ ಪಾಸಿಟಿವ್ ಎಂಬ ಸೂಕ್ಷ್ಮವೂ ಪಳಗಿದವರಿಗೆ ತಿಳಿದಿತ್ತು. ಅನುಮಾನ ಉಳಿದರೆ ಅಷ್ಟೇ ಧಾರಣಶಕ್ತಿಯ ಒಳ್ಳೆಯ ಕಂಡೆನ್ಸರನ್ನು ಹಳೆಯದರ ಕಾಲುಗಳ ಮೇಲೆ ಹಿಡಿದು ನೋಡುವುದಿತ್ತು. ಹಮ್ ನಿಂತರೆ ದೋಷ ಸಿಕ್ಕಂತೆ. ಒಂದು ಮೀಟರು, ಒಂದು ಒಳ್ಳೆಯ ಕಂಡೆನ್ಸರ್, ಹೋಲಿಸಿ ನೋಡುವ ಬುದ್ಧಿ: ಇಷ್ಟರಲ್ಲಿ ಈ ಕಸುಬು ದಶಕಗಳ ಕಾಲ ನಡೆಯಿತು. ಆ ಕಾಲದ ದೋಷಕ್ಕೆ ಇಷ್ಟೇ ಸಾಕಾಗಿತ್ತು.

ಮೂರನೆಯ ಕಾಲ ಈ ವಿದ್ಯೆಯನ್ನು ಒಮ್ಮೆಲೇ ಹಳತು ಮಾಡಿತು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟಿ.ವಿ. ಬಂತು. 1984ರಲ್ಲಿ ಶುರುವಾದ ಕ್ಲಾಸ್ ಯೋಜನೆ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಮುಟ್ಟಿಸಿತು. ಹಿಂದೆಯೇ ಪಿ.ಸಿ.ಗಳು ಬಂದವು. ಇವೆಲ್ಲದರ ಒಳಗೆ ಭಾರದ ಟ್ರಾನ್ಸ್‌ಫಾರ್ಮರಿನ ಬದಲು ಎಸ್‌ಎಂಪಿಎಸ್ ಇತ್ತು, ಅಂದರೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕತ್ತರಿಸಿ ವೋಲ್ಟ್ ಇಳಿಸುವ ವ್ಯವಸ್ಥೆ. ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬೇಕು. ಹಳೆಯ ಟ್ರಾನ್ಸ್‌ಫಾರ್ಮರ್ ಸಪ್ಲೈನಲ್ಲಿ ಕಂಡೆನ್ಸರ್ ಎದುರಿಸುವುದು 100 ಹರ್ಟ್ಸಿನ ಏರಿಳಿತ. ಅಲ್ಲಿ 1000 ಮೈಕ್ರೊಫ್ಯಾರಡ್ ಕಂಡೆನ್ಸರ್ ಒಡ್ಡುವ ಸಹಜ ತಡೆ ಸುಮಾರು 1.6 ಓಮ್. ಅದೇ ಕಂಡೆನ್ಸರ್ 50,000 ಹರ್ಟ್ಸಿನಲ್ಲಿ ಒಡ್ಡುವ ತಡೆ ಸುಮಾರು 0.003 ಓಮ್ ಮಾತ್ರ. ಪ್ರತಿ ಕಂಡೆನ್ಸರಿನ ಒಳಗೂ ದ್ರವ, ಹಾಳೆ, ಕಾಲುಗಳಿಂದಾದ ಒಂದು ಸಣ್ಣ ಸರಣಿ ರೋಧ ಇರುತ್ತದೆ. ಕಸುಬಿನವರು ಇಎಸ್‌ಆರ್ ಎನ್ನುವುದು ಇದನ್ನೇ. ದ್ರವ ಆರಿ ಈ ರೋಧ 0.05 ಓಮಿನಿಂದ 0.5 ಓಮಿಗೆ ಏರಿದರೆ ಹಳೆಯ ಸಪ್ಲೈಗೆ ಅದು ಗೊತ್ತೇ ಆಗುವುದಿಲ್ಲ, ಎಸ್‌ಎಂಪಿಎಸ್ಸಿಗೆ ಮಾತ್ರ ಆ ರೋಧವೇ ಎಲ್ಲವೂ ಆಗಿಬಿಡುತ್ತದೆ. ಎರಡು ಆಂಪಿಯರ್ ಏರಿಳಿತ ಹರಿದರೆ ಮೊದಲು ಒಳಗೆ ಹುಟ್ಟುತ್ತಿದ್ದ ಶಾಖ 0.2 ವ್ಯಾಟ್; ಈಗ 2 ವ್ಯಾಟ್. ಶಾಖ ಹೆಚ್ಚಿದಂತೆ ದ್ರವ ಇನ್ನಷ್ಟು ಆರುತ್ತದೆ, ದ್ರವ ಆರಿದಂತೆ ಶಾಖ ಇನ್ನಷ್ಟು ಹೆಚ್ಚುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರೋಲೈಟಿಕ್ ಕಂಡೆನ್ಸರುಗಳ ಬಗ್ಗೆ ಎಂಜಿನಿಯರುಗಳು ನಂಬಿ ಬಳಸುವ ಲೆಕ್ಕ.

ಮುಳ್ಳಿನ ಜಿಗಿತ ಇಲ್ಲಿ ಏಕೆ ಸೋತಿತು ಎಂಬುದಕ್ಕೆ ಟಿ.ವಿ., ಮಾನಿಟರುಗಳ ಸಪ್ಲೈನಲ್ಲಿ ಕೂರುತ್ತಿದ್ದ ಯುಸಿ3842 ಐ.ಸಿ.ಯ ಪಕ್ಕದ ಸಣ್ಣ ಕಂಡೆನ್ಸರ್ ಒಳ್ಳೆಯ ನಿದರ್ಶನ. ಅದರ ಧಾರಣಶಕ್ತಿ ಸಾಮಾನ್ಯವಾಗಿ 47 ಮೈಕ್ರೊಫ್ಯಾರಡ್. ಸಪ್ಲೈ ಹೊರಡುವ ಹೊತ್ತಿನಲ್ಲಿ ಐ.ಸಿ.ಗೆ ಬಲ ಕೊಡುವುದು ಅದರ ಕೆಲಸ. ಬಿಸಿಯಾಗುವ ಹೀಟ್‌ಸಿಂಕಿನ ಬಳಿಯೇ ಕೂತು ಅದು ಒಣಗುತ್ತದೆ. ತೆಗೆದು ಸಾಧಾರಣ ಮೀಟರಿಗೆ ಹಾಕಿದರೆ 40 ಮೈಕ್ರೊಫ್ಯಾರಡ್ ತೋರಿಸುವುದುಂಟು, ನೋಡಿದವರು ಪರವಾಗಿಲ್ಲ ಎಂದು ಮತ್ತೆ ಅಲ್ಲೇ ಹಾಕುವುದುಂಟು. ಆದರೆ ಇಎಸ್‌ಆರ್ ಹತ್ತು ಓಮ್ ದಾಟಿರುತ್ತದೆ, ಸೆಟ್ಟು ಹೊರಡುವುದಿಲ್ಲ. ಚಳಿ ಹೆಚ್ಚಿದಷ್ಟೂ ದ್ರವದ ರೋಧ ಏರುವುದರಿಂದ, ಬೆಳಗಾವಿಯ ಡಿಸೆಂಬರ್ ಬೆಳಗಿನಲ್ಲಿ ಹೊರಡದ ಯಂತ್ರ ಮಧ್ಯಾಹ್ನ ತಾನಾಗಿಯೇ ಹೊರಡಬಹುದು. ದೋಷ ಬಂದು ಹೋಗುವಂತೆ ಕಾಣುವುದು ಇದೇ ಕಾರಣಕ್ಕೆ. ‘ಸೋರುತ್ತಿದೆಯೇ’ ಎಂದರೆ ಇಲ್ಲ. ‘ಎಷ್ಟು ಹಿಡಿಯುತ್ತದೆ’ ಎಂದರೆ ಬೇಕಾದಷ್ಟು. ಕೇಳಬೇಕಿದ್ದದ್ದು ‘ಎಷ್ಟು ಸಲೀಸಾಗಿ ಕೊಡುತ್ತದೆ’ ಎಂಬ ಮೂರನೆಯ ಪ್ರಶ್ನೆ. ಅದನ್ನು ಕೇಳುವ ಸಾಧನ ಸಾಮಾನ್ಯ ರಿಪೇರಿ ಅಂಗಡಿಯ ಮೇಜಿನ ಮೇಲೆ ಇರಲಿಲ್ಲ.

ಆ ಸಾಧನ ಅಗ್ಗವಾಗಿ ದೊರೆತ ಬಗೆ ಈ ಚರಿತ್ರೆಯ ಮುಖ್ಯ ಭಾಗ. 1996ರ ಜನವರಿಯಲ್ಲಿ ಬಾಬ್ ಪಾರ್ಕರ್ ರೂಪಿಸಿದ ಇಎಸ್‌ಆರ್ ಮೀಟರಿನ ವಿನ್ಯಾಸ ‘ಎಲೆಕ್ಟ್ರಾನಿಕ್ಸ್ ಆಸ್ಟ್ರೇಲಿಯಾ’ ಪತ್ರಿಕೆಯಲ್ಲಿ ಪ್ರಕಟವಾಯಿತು, ಬಿಡಿಭಾಗಗಳ ಕಿಟ್ ಆಗಿಯೂ ಮಾರಾಟವಾಯಿತು. ಅದು ಕಂಡೆನ್ಸರಿಗೆ ಅತಿ ಚಿಕ್ಕ ಕಾಲಾವಧಿಯ ಕರೆಂಟಿನ ತುಣುಕುಗಳನ್ನು ಕೊಟ್ಟು, ಚಾರ್ಜ್ ಏರುವ ಮೊದಲೇ ಕಾಣುವ ವೋಲ್ಟನ್ನು ಅಳೆದು ರೋಧ ಹೇಳುತ್ತದೆ. ಪರೀಕ್ಷಾ ವೋಲ್ಟ್ ಬಹಳ ಕಡಿಮೆ ಇರುವುದರಿಂದ ಬೋರ್ಡಿನ ಮೇಲಿನ ಡಯೋಡು, ಟ್ರಾನ್ಸಿಸ್ಟರುಗಳು ಎಚ್ಚರಗೊಳ್ಳುವುದಿಲ್ಲ. ಕಂಡೆನ್ಸರನ್ನು ಬಿಚ್ಚದೆಯೇ ಅಳೆಯಬಹುದು. 2009ರಲ್ಲಿ ಜರ್ಮನಿಯ ಮಾರ್ಕುಸ್ ಫ್ರೆಯೆಕ್ ಒಂದು ಮೈಕ್ರೊಕಂಟ್ರೋಲರ್ ಸುತ್ತ ಹೆಣೆದ ಬಿಡಿಭಾಗ ಪರೀಕ್ಷಕದ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟರು. ಕಾರ್ಲ್-ಹೈಂಟ್ಸ್ ಕ್ಯೂಬೆಲರ್ ಅದನ್ನು ಬೆಳೆಸಿ ಇಎಸ್‌ಆರ್ ಅಳತೆಯನ್ನೂ ಸೇರಿಸಿದರು. ಅದನ್ನೇ ಚೀನಾದ ತಯಾರಕರು ಎಲ್‌ಸಿಆರ್-ಟಿ4 ಮೊದಲಾದ ಹೆಸರುಗಳಲ್ಲಿ ಅಗ್ಗವಾಗಿ ಮಾಡಿ ಮಾರಿದರು. ಸಾವಿರ ರೂಪಾಯಿಯೊಳಗೆ ಭಾರತದ ಯಾವ ಊರಿಗಾದರೂ ಬರುವ ಪರೀಕ್ಷಕ ಇದು. ಇಂಡಕ್ಟನ್ಸ್, ಧಾರಣಶಕ್ತಿ, ರೋಧ ಮೂರನ್ನೂ ಅಳೆಯುವ, ದೊಡ್ಡ ಉಪಕರಣ ಕಂಪನಿಗಳ ಎಲ್‌ಸಿಆರ್ ಮೀಟರುಗಳು ಮೊದಲಿನಿಂದಲೂ ಇದ್ದವು. ಅವುಗಳ ಗಿರಾಕಿ ಕಾರ್ಖಾನೆ ಮತ್ತು ಪ್ರಯೋಗಾಲಯ. ರಿಪೇರಿಯವರ ಪ್ರಶ್ನೆಗೆ ಅವರ ಕೈಗೆಟುಕುವ ಬೆಲೆಯಲ್ಲಿ ಉತ್ತರ ಕೊಟ್ಟವರು ಅದೇ ಪ್ರಶ್ನೆಯನ್ನು ತಮ್ಮದೆಂದು ತಿಳಿದವರು, ತಮ್ಮ ಉತ್ತರವನ್ನು ಹಂಚಿಕೊಂಡವರು.

ಈ ಮೀಟರುಗಳು ರೂಪುಗೊಳ್ಳುತ್ತಿದ್ದ ಹೊತ್ತಿನಲ್ಲೇ ಕೆಪಾಸಿಟರುಗಳ ಜಾಗತಿಕ ಪಿಡುಗೂ ಬಂತು. 1999ರಿಂದ 2007ರವರೆಗೆ ತಯಾರಾದ ಅಸಂಖ್ಯ ಮದರ್‌ಬೋರ್ಡುಗಳಲ್ಲಿ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳು ಅಕಾಲದಲ್ಲಿ ಉಬ್ಬಿ ಒಡೆದವು. ನೀರಿನ ಅಂಶ ಹೆಚ್ಚಿದ್ದ ದ್ರವಕ್ಕೆ ಸರಿಯಾದ ರಕ್ಷಕ ರಾಸಾಯನಿಕ ಸೇರದೆ ಒಳಗೆ ಹೈಡ್ರೋಜನ್ ಹುಟ್ಟುತ್ತಿದ್ದುದು ಅದಕ್ಕೆ ಕಾರಣ. ಇಂಥ ಬೋರ್ಡುಗಳ ದುರಸ್ತಿಗೂ ಬದಲಾವಣೆಗೂ ಡೆಲ್ ಕಂಪನಿ 2005ರಲ್ಲಿ ಸುಮಾರು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಸ್ಥಾಪನೆಯಾಗಿ, ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಅದರ ಅಡಿಗೆ ಬಂದು, ಕಂಪ್ಯೂಟರ್ ಲ್ಯಾಬುಗಳು ತುಂಬತೊಡಗಿದ್ದೂ ಇದೇ ವರ್ಷಗಳಲ್ಲಿ. ಇಂದು ‘ಹಳೆಯ ಕಂಪ್ಯೂಟರ್’ ಎಂದು ನಮ್ಮ ಕೈಗೆ ಸಿಗುವ ಯಂತ್ರಗಳಲ್ಲಿ ದೊಡ್ಡ ಪಾಲು ಈ ಪೀಳಿಗೆಯದು. ಮೀಟರಿನ ಪ್ರಶ್ನೆಗೆ ಈಗ ಇರುವ ಮಹತ್ವ ಇದರಿಂದಲೇ ಬಂದದ್ದು.

ಅಗ್ಗದ ಪರೀಕ್ಷಕ ಕರಾರುವಾಕ್ಕಲ್ಲ, ಅದನ್ನು ನಂಬಿ ಕೆಲಸ ಮಾಡುವುದು ಹೇಗೆ ಎಂಬುದು ಮೊದಲ ಆಕ್ಷೇಪ. ಅದು ಕರಾರುವಾಕ್ಕಲ್ಲ ಎಂಬುದು ನಿಜ, 0.05 ಓಮಿನ ಕಂಡೆನ್ಸರಿಗೆ 0.08 ತೋರಿಸಬಹುದು. ಆದರೆ ಕೆಟ್ಟ ಕಂಡೆನ್ಸರಿಗೂ ಒಳ್ಳೆಯದಕ್ಕೂ ಇರುವ ಅಂತರ ಹತ್ತಾರು ಪಟ್ಟು. ಅಷ್ಟು ದೊಡ್ಡ ಅಂತರವನ್ನು ಗುರುತಿಸಲು ಸೂಕ್ಷ್ಮ ಅಂಕಿ ಬೇಕಿಲ್ಲ. ಖಾನಾಪುರ ಮಣ್ಣಿನ ಕಸುಬಿಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಅಲ್ಲೇ. ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಬಡಿದು ನಾದ ಕೇಳುತ್ತಾರೆ. ಆ ನಾದದಿಂದ ಸುಟ್ಟ ಉಷ್ಣಾಂಶ ತಿಳಿಯುವುದಿಲ್ಲ, ಬಿರುಕು ಇದೆಯೇ ಇಲ್ಲವೇ ಎಂಬುದು ಮಾತ್ರ ತಪ್ಪದೆ ತಿಳಿಯುತ್ತದೆ. ಅಗ್ಗದ ಮೀಟರಿನಿಂದ ಬಯಸಬೇಕಾದದ್ದೂ ಅಷ್ಟೇ. ಅದರ ಮಿತಿಯನ್ನು ಪರೀಕ್ಷಿಸುವ ದಾರಿಯೂ ಅಗ್ಗವೇ: ಒಂದು ಓಮಿನ ಒಳ್ಳೆಯ ರೆಸಿಸ್ಟರನ್ನೂ ಹೊಚ್ಚಹೊಸ ಕಂಡೆನ್ಸರೊಂದನ್ನೂ ಇಟ್ಟುಕೊಂಡು ಆಗಾಗ ಅಳೆದು ನೋಡಿದರೆ ಮೀಟರು ಎಷ್ಟು ಎತ್ತ ವಾಲುತ್ತದೆ ಎಂದು ಗೊತ್ತಾಗುತ್ತದೆ. ಹೋಲಿಕೆಯಿಂದ ನಿರ್ಧರಿಸುವ ರೇಡಿಯೊ ಕಾಲದ ವಿದ್ಯೆ ಇಲ್ಲಿ ಹೊಸ ಸಾಧನದ ಜೊತೆ ಮುಂದುವರಿಯುತ್ತದೆ.

ಮೀಟರೇ ಬೇಡ, ಹಳೆಯ ಬೋರ್ಡಿನ ಎಲ್ಲ ಎಲೆಕ್ಟ್ರೋಲೈಟಿಕ್‌ಗಳನ್ನು ಬದಲಿಸಿಬಿಡಿ, ಇಲ್ಲವೇ ಉಬ್ಬಿದ್ದನ್ನು ಕಣ್ಣಿಂದ ನೋಡಿ ತೆಗೆಯಿರಿ ಎನ್ನುವವರೂ ಇದ್ದಾರೆ. ಇದು ಇನ್ನೂ ಗಟ್ಟಿಯಾದ ಆಕ್ಷೇಪ, ಅದರಲ್ಲಿ ಅರ್ಧ ಸತ್ಯವಿದೆ. 1980ರ ದಶಕದ ಕೊನೆಯ ಹಾಗೂ 90ರ ದಶಕದ ಆರಂಭದ ಕೆಲವು ಯಂತ್ರಗಳಲ್ಲಿ ಬೋರ್ಡಿನ ಮೇಲ್ಮೈಗೆ ಅಂಟಿಸಿದ ಚಿಕ್ಕ ಎಲೆಕ್ಟ್ರೋಲೈಟಿಕ್‌ಗಳು ತಳದಿಂದ ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತವೆ. ಅಲ್ಲಿ ಅಳೆಯುತ್ತ ಕೂರದೆ ಎಲ್ಲವನ್ನೂ ತೆಗೆದು ತೊಳೆಯುವುದೇ ಸರಿ. ಉಳಿದ ಕಡೆ ಹಾಗಲ್ಲ. ಪದರಗಳಿರುವ ಹಳೆಯ ಮದರ್‌ಬೋರ್ಡಿನಲ್ಲಿ ಒಂದೊಂದು ಕಂಡೆನ್ಸರ್ ಬಿಚ್ಚುವಾಗಲೂ ರಂಧ್ರದ ಒಳಗಿನ ತಾಮ್ರ ಕಿತ್ತುಬರುವ ಅಪಾಯವಿದೆ. ಚೆನ್ನಾಗಿದ್ದ ಇಪ್ಪತ್ತನ್ನು ಬಿಚ್ಚುವುದೆಂದರೆ ಆ ಅಪಾಯವನ್ನು ಇಪ್ಪತ್ತು ಸಲ ಮೈಮೇಲೆ ಎಳೆದುಕೊಂಡಂತೆ. ಮೇಲಾಗಿ, ತರಿಸಿದ ಹೊಸ ಭಾಗವೇ ನಕಲಿಯಾಗಿದ್ದರೆ ಅದನ್ನು ಪತ್ತೆ ಹಚ್ಚಲೂ ಮೀಟರೇ ಬೇಕು. ಕಣ್ಣಿನ ಪರೀಕ್ಷೆಯೂ ಅಷ್ಟೇ: ತಲೆ ಉಬ್ಬಿದ್ದು ಕೆಟ್ಟಿದೆ ಎಂಬುದು ನಿಜ, ಉಬ್ಬದಿರುವುದು ಚೆನ್ನಾಗಿದೆ ಎಂಬುದು ನಿಜವಲ್ಲ. ಅನಿಲ ಹುಟ್ಟಿದರೆ ತಲೆ ಉಬ್ಬುತ್ತದೆ. ದ್ರವ ಸುಮ್ಮನೆ ಆರಿದರೆ ಹೊರಗೆ ಏನೂ ಕಾಣುವುದಿಲ್ಲ.

ಇಎಸ್‌ಆರ್ ಎಲ್ಲಕ್ಕೂ ಉತ್ತರ ಎಂಬ ಅತಿರೇಕಕ್ಕೂ ಕೈಹಾಕಬಾರದು, ಏಕೆಂದರೆ ಹಳೆಯ ಪ್ರಶ್ನೆಗಳು ಸತ್ತಿಲ್ಲ. ಬಿಬಿಸಿ ಮೈಕ್ರೊದ ಪವರ್ ಸಪ್ಲೈನಲ್ಲಿ ಮೇನ್ಸಿಗೆ ಅಡ್ಡಲಾಗಿ ಕೂರುವ ರಿಫಾ ಫಿಲ್ಟರ್ ಕಂಡೆನ್ಸರುಗಳು ಲೋಹ ಲೇಪಿಸಿದ ಕಾಗದದವು. ಅವುಗಳ ಪಾರದರ್ಶಕ ಹೊರಕವಚ ಬಿರುಕು ಬಿಟ್ಟು ತೇವ ಒಳಹೊಕ್ಕರೆ, ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ದಟ್ಟ ಹೊಗೆ ಬರುತ್ತದೆ. ವಾಲ್ವ್ ರೇಡಿಯೊದ ಕಾಗದ ಮತ್ತು ತೇವದ ದೋಷವೇ ಕಂಪ್ಯೂಟರಿನಲ್ಲಿ ಮರಳಿ ಬಂದಿದೆ. ಕೆಲವೇ ವೋಲ್ಟಿನ ಪರೀಕ್ಷಕಕ್ಕೆ ಅದು ಕಾಣುವುದಿಲ್ಲ. ಖಾನಾಪುರದಂಥ ಮಳೆಯ ಸೀಮೆಯಲ್ಲಿ ಇಟ್ಟ ಯಂತ್ರದಲ್ಲಿ ಇಂಥ ಬಿರುಕು ಕಂಡರೆ ಅಳೆಯದೆ ಬದಲಿಸಬೇಕು. ಟ್ಯಾಂಟಲಮ್ ಕೆಪಾಸಿಟರುಗಳು ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತವೆ; ಅದಕ್ಕೆ ಕೆಲವು ನೂರು ರೂಪಾಯಿಯ ಡಿಜಿಟಲ್ ಮೀಟರಿನ ಓಮ್ಸ್ ರೇಂಜೇ ಸಾಕು. ಮತ್ತೆ ಜೋಡಿಸಿದ ಸಪ್ಲೈಗೆ ಮೊದಲ ಸಲ ಕರೆಂಟು ಕೊಡುವಾಗ ಬಲ್ಬನ್ನು ಸರಣಿಯಲ್ಲಿ ಹಾಕಿದ ಸೀರೀಸ್ ಬೋರ್ಡಿಗೆ ಸಮನಾದ ಕಾವಲು ಇನ್ನೊಂದಿಲ್ಲ: ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಸರಿ, ಪೂರ್ತಿ ಉರಿದರೆ ಶಾರ್ಟ್. ಇದರ ಜೊತೆಗೆ ಎಲ್ಲ ಕಾಲಕ್ಕೂ ಸಲ್ಲುವ ಒಂದು ಎಚ್ಚರ. 230 ವೋಲ್ಟ್ ಮೇನ್ಸ್ ರೆಕ್ಟಿಫೈ ಆದ ಮೇಲೆ ದೊಡ್ಡ ಫಿಲ್ಟರ್ ಕಂಡೆನ್ಸರಿನ ಮೇಲೆ ಸುಮಾರು 325 ವೋಲ್ಟ್ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಕೆಲವು ಕಿಲೊಓಮಿನ, ಐದು ವ್ಯಾಟಿನ ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ವೋಲ್ಟ್ ನೋಡಿಕೊಂಡೇ ಮುಟ್ಟಬೇಕು. ಇಲ್ಲವಾದರೆ ಅಗ್ಗದ ಪರೀಕ್ಷಕ ಮೊದಲ ಸ್ಪರ್ಶಕ್ಕೇ ಸುಡುತ್ತದೆ, ಮನುಷ್ಯನ ಜೀವಕ್ಕೂ ಅಪಾಯ.

ಹೀಗಾಗಿ ಕೈಗೆಟುಕುವ ಒಳ್ಳೆಯ ಮೀಟರು ಯಾವುದು ಎಂಬ ಪ್ರಶ್ನೆಗೆ ಒಂದೇ ಡಬ್ಬಿಯ ಹೆಸರು ಉತ್ತರವಾಗದು. ವೋಲ್ಟ್, ಓಮ್ಸ್ ನೋಡುವ ಸಾಧಾರಣ ಡಿಜಿಟಲ್ ಮೀಟರು, ಬಿಚ್ಚಿದ ಭಾಗದ ಇಎಸ್‌ಆರ್ ಮತ್ತು ಧಾರಣಶಕ್ತಿ ಎರಡನ್ನೂ ಹೇಳುವ ಸಾವಿರ ರೂಪಾಯಿಯೊಳಗಿನ ಪರೀಕ್ಷಕ, ಹೋಲಿಸಲು ಒಂದು ಓಮ್ ರೆಸಿಸ್ಟರ್, ಒಂದು ಸೀರೀಸ್ ಬೋರ್ಡ್: ಈ ನಾಲ್ಕು ಇದ್ದರೆ ಕಸುಬು ಮೂರು ಕಾಲದಲ್ಲಿ ಕಲಿತ ಮೂರು ಪ್ರಶ್ನೆಗಳನ್ನೂ ಖಾನಾಪುರದ ಒಂದು ಸಣ್ಣ ಅಂಗಡಿಯೂ ಕೇಳಬಹುದು. ದಿನಾಲೂ ಹಲವಾರು ಬೋರ್ಡು ನೋಡುವವರು ಬಿಚ್ಚದೆಯೇ ಅಳೆಯುವ ಪ್ರತ್ಯೇಕ ಇಎಸ್‌ಆರ್ ಮೀಟರಿಗೆ ದುಡ್ಡು ಹಾಕಿದರೆ ಉಳಿಯುವ ಸಮಯದಲ್ಲೇ ಅದು ಮರಳಿ ಬರುತ್ತದೆ. ಒಂದು ಲಕ್ಷ ಹರ್ಟ್ಸಿನವರೆಗೆ ಅಳೆಯುವ ಒಳ್ಳೆಯ ಎಲ್‌ಸಿಆರ್ ಮೀಟರು ಕಾಲೇಜಿನ ಲ್ಯಾಬಿಗೆ ತಕ್ಕದ್ದು. ಊರಿನ ಅಂಗಡಿಗಳವರು ತಮ್ಮ ಅಗ್ಗದ ಮೀಟರನ್ನು ವರ್ಷಕ್ಕೊಮ್ಮೆ ಅದರ ಪಕ್ಕದಲ್ಲಿಟ್ಟು ಸರಿನೋಡಲು ಕಾಲೇಜುಗಳು ಬಾಗಿಲು ತೆರೆದರೆ ಎರಡೂ ಕಡೆಯವರಿಗೆ ಲಾಭ. ಅಳೆದದ್ದನ್ನು ಬರೆದಿಡುವ ರೂಢಿಯೂ ಬೆಳೆಯಬೇಕು. ಯಾವ ಬೋರ್ಡಿನ ಯಾವ ಕಂಡೆನ್ಸರ್ ಎಷ್ಟು ಓಮಿಗೆ ಏರಿದಾಗ ಯಂತ್ರ ನಿಂತಿತು ಎಂಬುದು ಮೆಕ್ಯಾನಿಕ್‌ಗಳ ನೆನಪಿನಲ್ಲಿ ಮಾತ್ರ ಉಳಿದರೆ ಅವರೊಂದಿಗೇ ಹೋಗುತ್ತದೆ. ಪಾರ್ಕರ್, ಫ್ರೆಯೆಕ್, ಕ್ಯೂಬೆಲರ್ ತಮಗೆ ತಿಳಿದದ್ದನ್ನು ಬರೆದು ಹಂಚಿದ್ದರಿಂದಲೇ ಸಾವಿರಾರು ಮೈಲಿ ದೂರದ ನಮ್ಮ ಅಂಗಡಿಗಳಿಗೂ ಅಗ್ಗದ ಮೀಟರು ಬಂತು. ಬೆಳಗಾವಿಯ ಮಳೆ, ಚಳಿ, ದೂರ ಕಲಿಸಿದ ಪಾಠಗಳನ್ನು ಕನ್ನಡದಲ್ಲಿ ಬರೆದು ಹಂಚುವುದು ಆ ಸಾಲಕ್ಕೆ ನಾವು ಸಲ್ಲಿಸಬೇಕಾದ ಕಂತು.